ಐದೂ ಸ್ವರ ಬರಬೇಕು

“ಆಪರೇಶನ್,” ಎಂದ ಭೂಪಾಲ.

ಜಯಪಾಲ ಅವನನ್ನು ಅಕ್ಕಿಯಲ್ಲಿ ಸಿಕ್ಕ ಹುಳುವನ್ನು ನೋಡುವಂತೆ ನೋಡಿದ. “ಅದರಾಗ ಯು ಎಲ್ಲೈತಿ? ಮುಂಜಾನಿಂದ ಹೇಳಾಕತ್ತೇನಿ. ಎ, ಇ, ಐ, ಓ, ಯು, ಐದೂ ಸ್ವರ ಒಂದ ಶಬ್ದದಾಗ ಬರಬೇಕು. ಐದು ಎಣಸಾಕ ಕೈಯಾಗ ಬಟ್ಟರ ಅದಾವೋ ಇಲ್ಲೋ ನಿನಗ?”

ಭೂಪಾಲ ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದ. ಮುಖ ಬಿಳಿಚಿತ್ತು. ಮೊಳಕೈಯ ಒಳಮಗ್ಗುಲಿಗೆ ಹತ್ತಿಯಿಟ್ಟು ಪಟ್ಟಿ ಅಂಟಿಸಿದ್ದರು. ಪಕ್ಕದ ಕುರ್ಚಿಯಲ್ಲಿ ಮಫ್ಲರ್ ಸುತ್ತಿಕೊಂಡು, ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದವನು ಅವನ ಅಕ್ಕನ ಗಂಡ, ಅವನು ಕರೆಯುವಂತೆ ದಾಜಿ. ಸಾಂಗ್ಲಿಯಲ್ಲಿ ಇಂಗ್ಲಿಷ್ ಕ್ಲಾಸು ನಡೆಸುತ್ತಿದ್ದ ಜಯಪಾಲ, ಸಮಡೋಳಿಯಲ್ಲಿ ಕಬ್ಬು ಬೆಳೆಯುವ ಈ ಮೈದುನನನ್ನು ಮದುವೆಯ ದಿನದಿಂದಲೂ ಮನುಷ್ಯರ ಲೆಕ್ಕಕ್ಕೆ ಹಿಡಿದವನಲ್ಲ.

ಹಿಡಿದದ್ದಾದರೂ ಯಾರನ್ನು? ಮಿರಜದ ರಿಕ್ಷಾದವರ ಮರಾಠಿ, ಪೇಪರಿನ ಜಾಹೀರಾತುಗಳ ಇಂಗ್ಲಿಷ್, ಹೆಂಡತಿಯ ತವರಿನವರ ಕನ್ನಡ, ಯಾವುದೂ ಅವನ ಕಿವಿಗೆ ಹಿಡಿಸುತ್ತಿರಲಿಲ್ಲ. ಕ್ಲಾಸಿನಲ್ಲಿ ಮೊದಲ ದಿನವೇ ಈ ಐದು ಸ್ವರದ ಆಟ. ತಪ್ಪು ಹೇಳಿದವರನ್ನು ಎದ್ದು ನಿಲ್ಲಿಸಿ ಬೈಯುತ್ತಿದ್ದ. ಕಲಿತ ವ್ಯಾಕರಣವನ್ನು ಮರೆತವರು ಕೂಡ ಅವನ ಬೈಗುಳವನ್ನು ಮರೆತಿರಲಿಲ್ಲ. ಈಗ ದನಿ ಒಡೆದು ಗೊಗ್ಗರಾಗಿತ್ತು. ಬೈಯುವುದು ಮಾತ್ರ ನಿಂತಿರಲಿಲ್ಲ.

“ಇರಿಗೇಶನ್,” ಎಂದ ಭೂಪಾಲ.

“ಹೊಲ ಬಿಟ್ಟು ನಿನ್ನ ತಲಿ ಹೊರಗ ಬರೂದ ಇಲ್ಲ. ಇ ಇಲ್ಲ, ಯು ಇಲ್ಲ. ಮೂರು ಸಲ ಐ ಇಟ್ಟುಕೊಂಡು ಏನ್ ಮಾಡ್ತಿ, ಉಪ್ಪಿನಕಾಯಿ ಹಾಕ್ತಿ?”

ಇಂದುಬಾಯಿ ಲಿಂಬಿ ಶರಬತ್ತು ತಂದಳು. ತಮ್ಮನ ಕತ್ತಿನ ಕೆಳಗೆ ಕೈಯಿಟ್ಟು ಎತ್ತಿ ಎರಡು ಗುಟುಕು ಕುಡಿಸಿದಳು. ಗಂಡನ ಕಡೆ ತಿರುಗಿ ನೋಡಲಿಲ್ಲ. ಕ್ಯಾಂಟೀನಿನವನು ಚಹಾ ಹಿಡಿದಾಗ ಜಯಪಾಲ ಕೈ ಬೀಸಿ ಅವನನ್ನು ಕಳಿಸಿದ.

“ಇವತ್ತರ ಅವನನ್ನ ಬಿಡ್ರಿ,” ಎಂದಳು ಇಂದುಬಾಯಿ. “ನಿತ್ರಾಣ ಆಗ್ಯಾನ. ಸ್ವಲ್ಪ ಸುಮ್ಮ ಕುಂದ್ರಿ.”

“ಬ್ಯಾಡ ಅಕ್ಕಾ,” ಎಂದ ಭೂಪಾಲ. “ಮಾತಾಡ್ಲಿ.”

ಜಯಪಾಲ ಮಾತಾಡಿದ. ‘ಎಜುಕೇಶನ್’ ಎಂದ, ‘ರೆವಲ್ಯೂಷನರಿ’ ಎಂದ, ‘ಅನ್‌ಕ್ವೆಶ್ಚನೆಬಲಿ’ ಎಂದ. ಒಂದೊಂದು ಶಬ್ದವನ್ನೂ ಬಾಯಲ್ಲಿ ಉರುಳಿಸಿ, ಸ್ವರ ಬಂದಲ್ಲಿ ಎಳೆದು ಹೇಳಿದ. ಉದ್ದನೆಯ ಶಬ್ದಗಳನ್ನು ಹಾಡಿನಂತೆ ಎಳೆಯುವ ಗಂಡನನ್ನು ಇಂದುಬಾಯಿ ನೋಡಲಾರದೆ ಕಿಟಕಿಗೆ ಹೋಗಿ ನಿಂತಳು.

ಆಗ ಒಳಗೆ ಬಂದವನು ಡಾಕ್ಟರ್ ಸಂಮೇದ. ಚಿಕ್ಕ ವಯಸ್ಸು. ಭೂಪಾಲನ ನಾಡಿ ಹಿಡಿದು, “ಕಾಕಾ, ತಲಿ ತಿರಗತೈತೇನು?” ಎಂದು ಕೇಳಿದ.

“ಇಲ್ರಿ.”

“ಮಲಕೊಂಡ ಇರ್ರಿ. ಏಳಬ್ಯಾಡ್ರಿ.” ಇಂದುಬಾಯಿಯ ಕಡೆ ತಿರುಗಿದ. “ಥಿಯೇಟರ್ ತಯಾರ ಆಗಾಕತ್ತೈತ್ರಿ. ಇನ್ನ ಸ್ವಲ್ಪ ಹೊತ್ತಿನ್ಯಾಗ ಕರೀತಾರ.”

ಅವಳು ತಲೆಯಾಡಿಸಿದಳು.

“ಡಾಕ್ಟರ,” ಎಂದ ಜಯಪಾಲ. “ಈ ಖೋಲಿಯೊಳಗ ಕಲಿತವರು ಅಂದ್ರ ನಾವಿಬ್ಬರ. ಐದೂ ಸ್ವರ ಇರೂ ಒಂದು ಶಬ್ದ ಹೇಳ್ರಿ ನೋಡೂಣು.”

ಡಾಕ್ಟರ್ ಒಂದು ಗಳಿಗೆ ಯೋಚಿಸಿದ. “ನ್ಯುಮೋನಿಯಾ.”

ಜಯಪಾಲ ಬೆರಳು ಮಡಚಿದ. ಇ, ಯು, ಓ, ಐ, ಎ. ಐದೂ ಇದ್ದವು. ಬೈಯಲು ಏನೂ ಸಿಗಲಿಲ್ಲ. ಬಾಯಿ ಮುಚ್ಚಿದ.

ಖೋಲಿಯಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯಿತು. ಡಾಕ್ಟರ್ ಹೊರಗೆ ಹೋದ. ಇಂದುಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಭೂಪಾಲ ಗಡಬಡಿಸಿ ದಿಂಬಿನಿಂದ ತಲೆ ಎತ್ತಿದ. “ದಾಜಿ, ಟ್ರ್ಯಾಕ್ಟರ್?”

ಜಯಪಾಲನ ಮುಖಕ್ಕೆ ಜೀವ ಬಂತು. “ಟ್ರ್ಯಾಕ್ಟರಾ? ಎಲ್ಲಾ ಕೂಡಿ ಎರಡು ಸ್ವರ. ನಿಮ್ಮಪ್ಪ ನಿನ್ನ ಸಾಲಿಗೆ ಕಳಿಸೋ ಬದಲಿ ಗಾಣಕ್ಕ ಕಟ್ಟಿದ್ರ ಎಣ್ಣಿಯರ ಸಿಗತಿತ್ತು.” ಕೆಮ್ಮು ಬಂತು. ಕೆಮ್ಮಿ ಮುಗಿಸಿ ಮತ್ತೆ ಬೈದ. ಭೂಪಾಲನ ಅಪ್ಪ, ಅಜ್ಜ, ಅವರ ಎತ್ತುಗಳು, ಯಾರನ್ನೂ ಬಿಡಲಿಲ್ಲ.

ಭೂಪಾಲ ಕಣ್ಣು ಮುಚ್ಚಿ ಕೇಳುತ್ತಿದ್ದ. “ಕಮ್ಯುನಿಕೇಶನ್,” ಎಂದ.

“ಇ ಇಲ್ಲ. ಹತ್ತಿರ ಬಂದು ಬಿದ್ದಿ. ಕಬ್ಬಿನ ಗಾಡಿ ಕಾರಖಾನಿ ಬಾಗಲದಾಗ ಬಿದ್ದಂಗ.”

ನರ್ಸ್ ಪೂನಮ ಗಾಲಿಕುರ್ಚಿ ತಳ್ಳಿಕೊಂಡು ಬಂದಳು. ಮಂಚದ ಹತ್ತಿರ ಅದನ್ನು ನಿಲ್ಲಿಸಲಿಲ್ಲ. ಜಯಪಾಲನ ಎದುರು ತಂದು ನಿಲ್ಲಿಸಿ, ಬಗ್ಗಿ, ಅವನ ಕೊರಳಿನ ಮಫ್ಲರನ್ನು ಮೆಲ್ಲಗೆ ಬಿಚ್ಚಿದಳು. ಕೆಳಗೆ ಗಂಟಲು ಒಂದು ಪಕ್ಕಕ್ಕೆ ಊದಿಕೊಂಡಿತ್ತು.

“ಬರ್ರಿ ಸರ್,” ಎಂದಳು. “ಮನ್ಯಾಗಿನವರ ಜೋಡಿ ಮಾತಾಡೂದಿದ್ರ ಮಾತಾಡ್ರಿ. ಅವಸರಿಲ್ಲ.”

ಗಡ್ಡೆ ಧ್ವನಿಪೆಟ್ಟಿಗೆಯನ್ನು ಪೂರ್ತಿ ಹಿಡಿದಿತ್ತು. ಅದನ್ನು ತೆಗೆಯದೆ ಬೇರೆ ದಾರಿಯಿರಲಿಲ್ಲ. ಸಂಜೆಗೆ ಜಯಪಾಲ ಈ ಖೋಲಿಗೆ ಮರಳುತ್ತಾನೆ, ಅವನ ದನಿ ಮರಳುವುದಿಲ್ಲ. ಅವನಿಗಾಗಿ ಬೆಳಿಗ್ಗೆ ರಕ್ತ ಕೊಟ್ಟು, ಸುಸ್ತಾಗಿ ಅವನ ಮಂಚದ ಮೇಲೆಯೇ ಒರಗಿದ್ದ ಭೂಪಾಲ ಈಗ ಎದ್ದು ಕುಳಿತು, ಚಪ್ಪಲಿ ಮೆಟ್ಟಿ, ಗಾಲಿಕುರ್ಚಿಯ ಹಿಡಿಕೆಗೆ ಕೈ ಹಾಕಿದ.

ಜಯಪಾಲ ಗಾಲಿಕುರ್ಚಿಗೆ ಬಂದು ಕುಳಿತು ಹೆಂಡತಿಯ ಕೈ ಹಿಡಿದ. ಕೊನೆಗೆ ಹಿಂದೆ ತಿರುಗಿ ಮೈದುನನನ್ನು ನೋಡಿದ.

“ಮುಂಜಾನಿಂದ ಒಂದರ ಸರಿ ಹೇಳಬಾರದಾಗಿತ್ತೇನೋ?”

“ಸರಿ ಹೇಳಿದ್ರ ನೀವು ಸುಮ್ಮನಾಗಿಬಿಡತೀರಿ, ದಾಜಿ.”