ಚಿಟಿಕೆ ಮಣ್ಣು

ಅತ್ತೆಯ ಬೆರಳು ಮೊಮ್ಮಗಳ ನಾಲಿಗೆಗೆ ಇನ್ನೇನು ತಾಗಬೇಕು, ಅಷ್ಟರಲ್ಲಿ ಸೊಸೆ ಆ ಕೈ ಹಿಡಿದುಬಿಟ್ಟಳು. ಬೆರಳ ತುದಿಯಲ್ಲಿ ಪ್ರಾರ್ಥನಾ ಮಂದಿರದ ಅಂಗಳದಿಂದ ತಂದು ಡಬ್ಬಿಯಲ್ಲಿ ಜೋಪಾನ ಮಾಡಿದ ಮಣ್ಣಿತ್ತು. ದಿನಾ ಬೆಳಿಗ್ಗೆ ಒಂದು ಚಿಟಿಕೆ.

"ಬೇಡ ಅತ್ತೆ. ಅದರಲ್ಲಿ ಸೀಸ ಇದೆ. ಎಳೇ ಮಿದುಳಿಗೆ ವಿಷ ಅದು."

"ದೇವರ ಮಣ್ಣನ್ನೂ ಬಿಡಲಿಲ್ವೇನೇ? ಕಣ್ಣಿಗೊತ್ತಿಕೊಳ್ಳೋದನ್ನ ಯಾರಾದ್ರೂ ಗಾಜಿನ ಕೊಳವೆಗೆ ಹಾಕ್ತಾರಾ?"

ಸೊಸೆಯೂ ಆ ಮಣ್ಣನ್ನು ನಂಬಿದವಳೇ. ಮಗುವಿನ ರಕ್ತದಲ್ಲಿ ಸೀಸವಿದೆ ಎಂದು ವೈದ್ಯೆ ಹೇಳಿದಾಗ ಮನೆಯ ನೀರು, ಗೋಡೆಯ ಬಣ್ಣ, ಆಟಿಕೆಗಳನ್ನೆಲ್ಲ ಪ್ರಯೋಗಾಲಯಕ್ಕೆ ಹೊತ್ತೊಯ್ದಿದ್ದಳು. ಆ ಡಬ್ಬಿಯೊಂದನ್ನು ಮಾತ್ರ, ಮಣ್ಣು ವಿಜ್ಞಾನಿಯಾಗಿಯೂ, ತಿಂಗಳುಗಟ್ಟಲೆ ಮುಟ್ಟಿರಲಿಲ್ಲ. ಮೊನ್ನೆ, ಕ್ಷಮಿಸು ತಂದೆ ಎಂದು ಬೇಡಿಕೊಂಡೇ ಒಂದು ಚಮಚ ತೆಗೆದಿದ್ದಳು.

ಏಳು ವರ್ಷ ತುಂಬಿದರೂ ಎರಡಕ್ಷರ ಕೂಡಿಸಿ ಓದಲು ಬಾರದ ಪುಟ್ಟಿ ಇನ್ನೂ ಬಾಯಿ ತೆರೆದೇ ನಿಂತಿದ್ದಳು. ಅವಳನ್ನೇ ನೋಡುತ್ತಿದ್ದ ಅತ್ತೆ ಬೆರಳಿನ ಮಣ್ಣನ್ನು ಮೆಲ್ಲಗೆ ಡಬ್ಬಿಗೆ ಉದುರಿಸಿದರು.

"ಇವಳು ಹೊಟ್ಟೇಲಿದ್ದಾಗ ಒಂಬತ್ತು ತಿಂಗಳೂ ನಿನ್ನ ಬಾಯಿಗೆ ನಾನೇ ಹಾಕಿದ್ನಲ್ಲೇ... ಆಗಲೂ ಇತ್ತಾ?"

ಮಾದರಿ ತೆಗೆಯದೆ ಯಾವ ಮಣ್ಣಿನ ಬಗ್ಗೆಯೂ ಇಪ್ಪತ್ತು ವರ್ಷಗಳಲ್ಲಿ ಬಾಯಿ ಬಿಟ್ಟವಳಲ್ಲ ಅವಳು. ರೈತರು ಎಷ್ಟು ಗೋಗರೆದರೂ, "ಮೊದಲು ಪರೀಕ್ಷೆ ಆಗಲಿ, ಆಮೇಲೆ ಮಾತು" ಎಂದು ಕಡ್ಡಿ ಮುರಿದಂತೆ ಹೇಳುವವಳು.

"ಇಲ್ಲ ಅತ್ತೆ," ಎಂದಳು, ಡಬ್ಬಿಯ ಮುಚ್ಚಳ ಬಿಗಿಯುತ್ತಾ. "ಆಗಿನ ಮಣ್ಣು ಚೊಕ್ಕವಾಗಿತ್ತು."