ಹಾಸ್ಟೆಲ್ ಸೇರಿದ ಕೋಳಿ

ರಂಜಿತಾಳ ಮಂಚದಡಿಯಿಂದ ಕೋಳಿಯ ಸದ್ದು ಕೇಳಿ ಹಾಸ್ಟೆಲ್ ವಾರ್ಡನ್ ಪಂಕಜಮ್ಮನ ಪಿತ್ತ ನೆತ್ತಿಗೇರಿತು.

"ಇದು ಹಾಸ್ಟೆಲ್ಲೋ, ಕೋಳಿಗೂಡೋ? ಈಗಲೇ ಊರಿಗೆ ಕಳಿಸು!"

ರಂಜಿತಾ ಕೋಳಿಯನ್ನು ಎದೆಗವಚಿಕೊಂಡಳು. "ಹಂಗನ್ಬೇಡಿ ಮೇಡಂ. ಜೊತೇಲಿದ್ರೇನೇ ಭಯ ಹೋಗೋದು. ಇಲ್ದಿದ್ರೆ ಮೈಯೆಲ್ಲ ನಡುಕ, ಒಂದು ಕಾಳೂ ಗಂಟಲಲ್ಲಿ ಇಳಿಯಲ್ಲ."

ಮನಸ್ಸಿನ ನೆಮ್ಮದಿಗೆ ಪ್ರಾಣಿ ಬೇಕೆನ್ನುವವರಿಗೆ ಅಡ್ಡಿ ಮಾಡಬಾರದೆಂದು ಕಾಲೇಜು ಹೊಸದಾಗಿ ನಿಯಮ ಮಾಡಿತ್ತು. ಪಂಕಜಮ್ಮನಿಗೆ ತಾನು ಹಾಸ್ಟೆಲಿನಲ್ಲಿದ್ದಾಗ ಅಮ್ಮನನ್ನು ನೆನೆದು ತಲೆದಿಂಬು ತೋಯಿಸಿದ್ದೂ ನೆನಪಾಗಿ ಕಣ್ಣು ತುಂಬಿತು.

"ಆಯ್ತಮ್ಮ, ಇರ್ಲಿ ಬಿಡು. ನಿನ್ನ ಪರೀಕ್ಷೆ ಭಯ ಹೋಗೋವರೆಗೂ ಇಟ್ಕೋ."

ರಂಜಿತಾ ಕಣ್ಣರಳಿಸಿದಳು. "ಪರೀಕ್ಷೆಗೆ ನಾನ್ಯಾಕೆ ಹೆದರ್ಲಿ ಮೇಡಂ? ಭಯ ಇರೋದು ಇವಳಿಗೆ. ಮನೇಗೆ ಹೊಸ ಅಳಿಯ ಬಂದವ್ರೆ!"