ಬೇರೊಂದು ಕಡೆ ನೋಡುತ್ತಿದ್ದಾರೆ

ಟೈಲರ್ ರಿಮೋಟ್ ಒತ್ತಿದ ಕೂಡಲೇ ಪಂದ್ಯ ಬಂದುಬಿಟ್ಟಿತು. ಕತ್ತರಿ ಹಿಡಿದ ಇನ್ನೊಂದು ಕೈ ಅಲ್ಲೇ ನಿಂತಿತು.

"ಅಬ್ಬಾ, ಇವತ್ತಾದ್ರೂ ಸಲೀಸಾಗಿ ಬಂತಲ್ಲ!" ಅಂಗಿಗೆ ಗುಂಡಿ ಹಾಕುತ್ತಿದ್ದ ಹೆಂಡತಿ ಅಂದಳು. "ನೋಡಿ ಆರಾಮಾಗಿ."

ಅಂಗಡಿಯ ಗೋಡೆಯ ಟಿ.ವಿ.ಯಲ್ಲಿ ಮೊದಲೆಲ್ಲ ಕ್ರಿಕೆಟ್ ಪುಕ್ಕಟೆ ಬರುತ್ತಿತ್ತು. ಇವನು ಬಟ್ಟೆ ಕತ್ತರಿಸುತ್ತ, ಇವನ ತಮ್ಮ ಹೊಲಿಗೆ ಮಿಷನ್ ತುಳಿಯುತ್ತ, ಇಬ್ಬರದೂ ಒಂದು ಕಣ್ಣು ಕೆಲಸದ ಮೇಲೆ, ಒಂದು ಕಣ್ಣು ಆಟದ ಮೇಲೆ. ಆಮೇಲೆ ಆಟವೆಲ್ಲ ಚಂದಾ ಕಟ್ಟುವ ಆ್ಯಪಿಗೆ ಹೋಯಿತು. ಇಬ್ಬರೂ ಸೇರಿ ಇದ್ದುದರಲ್ಲಿ ಅಗ್ಗದ ಚಂದಾ ಮಾಡಿಸಿದರು. ಒಂದು ಹೊತ್ತಿಗೆ ಒಂದೇ ಕಡೆ ನೋಡಬಹುದು. ಒಂದೇ ಅಂಗಡಿ, ಒಂದೇ ಟಿ.ವಿ., ಅಷ್ಟು ಸಾಕಿತ್ತು. ಅದೇ ವರ್ಷ ಒಂದು ಮದುವೆಯ ಕೋಟು ಕೆಟ್ಟಿತು. ಕತ್ತರಿಸಿದವನ ತಪ್ಪೋ, ಹೊಲಿದವನ ತಪ್ಪೋ ಎಂದು ಮಾತಿಗೆ ಮಾತು ಬೆಳೆದು, ತಮ್ಮ ತನ್ನ ಮಿಷನ್ ಎತ್ತಿಕೊಂಡು ಎರಡು ಬೀದಿ ಆಚೆ ಅಂಗಡಿ ಇಟ್ಟ. ಮಾತು ನಿಂತಿತು. ಚಂದಾ ಮಾತ್ರ ಪಾಲಾಗದೆ ಉಳಿಯಿತು; ಅದೇ ಪಾಸ್‌ವರ್ಡ್ ತಮ್ಮನ ಫೋನಿನಲ್ಲೂ ಇತ್ತು.

ಅಲ್ಲಿಂದೀಚೆಗೆ ಪಂದ್ಯ ಶುರುವಾದಾಗ ಟಿ.ವಿ. ಹಾಕಿದರೆ ಕಪ್ಪು ಪರದೆಯ ಮೇಲೆ ಒಂದೇ ಸಾಲು: 'ಬೇರೊಂದು ಕಡೆ ನೋಡುತ್ತಿದ್ದಾರೆ.' ಎರಡನೇ ಇನಿಂಗ್ಸ್ ಹೊತ್ತಿಗೆ ಸಾಲು ತಾನಾಗಿ ಹೋಗಿ ಆಟ ಬರುತ್ತಿತ್ತು. ಮೊದಲರ್ಧ ತಮ್ಮನಿಗೆ, ಉಳಿದರ್ಧ ಅಣ್ಣನಿಗೆ. ಯಾರೂ ಕೂತು ಆಡಿಕೊಂಡ ಒಪ್ಪಂದವಲ್ಲ. ಪಾಸ್‌ವರ್ಡ್ ಬದಲಾಯಿಸಿ ಎಂದು ಹೆಂಡತಿ ಗೊಣಗಿದಾಗಲೆಲ್ಲ "ಮಾಡೋಣ, ಮಾಡೋಣ" ಎನ್ನುತ್ತಲೇ ಎರಡು ವರ್ಷ ಸವೆಸಿದ್ದ. ಬೆನ್ನು ಬಿದ್ದುಹೋದಂತಾಗುವ ಸಂಜೆಗಳಲ್ಲಿ ಆಟ ಯಾರಿಗೆ ಬೇಕು ಅನ್ನಿಸಿದರೂ ಆ ಸಾಲಿಗಾಗಿ ಒಮ್ಮೆ ರಿಮೋಟ್ ಒತ್ತುತ್ತಿದ್ದ. ಸಾಲು ಕಂಡರೆ, 'ಸರಿ, ಇದ್ದಾನೆ' ಅಂದುಕೊಂಡು ಆರಿಸುತ್ತಿದ್ದ.

ಇವತ್ತು ಫೈನಲ್. ಮೊದಲ ಓವರ್. ಸಾಲು ಇಲ್ಲ.

"ಅವನು ನೋಡ್ತಾ ಇಲ್ಲ ಕಣೇ."

"ಬೇರೆ ಚಂದಾ ಕಟ್ಟಿರ್ಬೇಕು. ಈಗಲಾದ್ರೂ ಮಾನ ಬಂತಲ್ಲ."

"ಅವನಾ? ಹಳೇ ಅಂಗಿ ಗುಂಡಿ ಕಿತ್ತು ಹೊಸದಕ್ಕೆ ಹಾಕೋ ಪ್ರಾಣಿ, ಅವನು ಚಂದಾ ಕಟ್ತಾನಾ!"

"ಹಾಗಾದ್ರೆ ಕೈತುಂಬ ಕೆಲಸ ಇರ್ಬೇಕು ಬಿಡಿ."

"ಫೈನಲ್ ದಿನ?" ಕತ್ತರಿ ಕೆಳಗಿಟ್ಟ. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದ್ದಂತೆಯೇ ಹೊರಟ. ಟಿ.ವಿ. ಆರಿಸುವುದೂ ನೆನಪಾಗಲಿಲ್ಲ.

ತಮ್ಮನ ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಸೊಂಟ ಹಿಡಿದುಕೊಂಡು ಬಗ್ಗಿ ಒಳಗೆ ಹೋದ. ಮಿಷನ್ನಿಗೆ ಬಟ್ಟೆ ಹೊದಿಸಿತ್ತು. ಗೋಡೆಗೊರಗಿ ಕೂತಿದ್ದ ತಮ್ಮನ ಒಂದು ಕಣ್ಣಿಗೆ ಬಿಳಿ ಪಟ್ಟಿ, ಇನ್ನೊಂದನ್ನೂ ಮುಚ್ಚಿಕೊಂಡಿದ್ದ.

ಏದುಸಿರು ಕೇಳಿಯೇ ತಮ್ಮನಿಗೆ ಗುರುತು ಸಿಕ್ಕಿತು. "ಸೂಜಿ ಮುರಿದು ಹಾರ್ತಣ್ಣ. ಕಣ್ಣು ಉಳೀತದಂತೆ. ಹದಿನೈದು ದಿನ ಏನೂ ನೋಡೋ ಹಾಗಿಲ್ಲ," ಅಂದ. ಅಣ್ಣನತ್ತ ಮುಖ ತಿರುಗಿಸಿ, "ಸ್ಕೋರ್ ಎಷ್ಟಾಯ್ತು?"

ಅಣ್ಣನಿಗೆ ಗೊತ್ತಿರಲಿಲ್ಲ. ಪಂದ್ಯ ಬಂದಿದ್ದನ್ನು ನೋಡಿದ್ದನೇ ಹೊರತು ಆಟ ನೋಡಿರಲಿಲ್ಲ. ಪಕ್ಕದಲ್ಲಿದ್ದ ತಮ್ಮನ ಫೋನ್ ಎತ್ತಿಕೊಂಡು ಪಂದ್ಯ ಹಾಕಲು ಒತ್ತಿದ.

"ಏನಂತೆ?"

"ಬೇರೊಂದು ಕಡೆ ನೋಡ್ತಿದಾರಂತೆ," ಅಂದ ಅಣ್ಣ. "ನಮ್ಮಂಗಡಿ ಟಿ.ವಿ. ಹಾಗೇ ಬಿಟ್ಟು ಬಂದೆ ಕಣೋ."

"ಹಾಗಾದ್ರೆ ಎಲ್ಲಾ ಸರಿಯಾಗಿದೆ ಬಿಡು," ತಮ್ಮ ತಲೆಯನ್ನು ಮತ್ತೆ ಗೋಡೆಗಾನಿಸಿದ. "ಎರಡನೇ ಇನಿಂಗ್ಸಲ್ಲಿ ನಾನೂ ಆ ಸಾಲನ್ನ ಒಂದ್ಸಲ ಓದಿಯೇ ಮಲಗ್ತಿದ್ದದ್ದು."